ಕೊಳವೆ ಬಾವಿಯ ನೀರಿನ ಪರೀಕ್ಷೆಗೆ ಒಂದೇ ಅಳತೆ

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಯಲವಿಗಿ ಸುತ್ತಿನಲ್ಲಿ ಹೊಸ ಬೋರಿಗೆ ನೀರೆಷ್ಟು ಬಿತ್ತೆಂದು ಕೇಳಿದರೆ "ಎರಡಿಂಚು", "ಮೂರಿಂಚು" ಎಂಬ ಉತ್ತರ ಬರುತ್ತದೆ. ಈ ಇಂಚು ಪೈಪಿನ ಅಗಲವಲ್ಲ. ವಿ ಆಕಾರದ ಕಚ್ಚುಳ್ಳ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿ ಕಚ್ಚಿನಲ್ಲಿ ಒಂದಿಂಚು ಎಂದರೆ ತಾಸಿಗೆ ಸುಮಾರು 500 ಲೀಟರು, ಎರಡಿಂಚು ಎಂದರೆ 2,900, ಮೂರಿಂಚು ಎಂದರೆ 8,000 ಲೀಟರು. ಇಂಚು ಇಮ್ಮಡಿಯಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅರ್ಧ ಇಂಚು ತಪ್ಪಿ ಓದಿದರೂ ಲೆಕ್ಕ ಬುಡಮೇಲು. ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬಾರದು. ಅಲ್ಲಿ ನೀರು ತಗ್ಗಿರುತ್ತದೆ. ತುಸು ಹಿಂದೆ, ನೀರು ನಿಶ್ಚಲವಾಗಿರುವಲ್ಲಿ ಅಳೆಯಬೇಕು.

ಇನ್ನೊಂದು ತೊಡಕು ಕಂಪ್ರೆಸರಿನದು. ಕೊರೆದ ದಿನ ಗಾಳಿಯ ಒತ್ತಡಕ್ಕೆ ಚಿಮ್ಮುವ ನೀರಿನಲ್ಲಿ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ತುಂಬಿದ್ದ ಸಂಗ್ರಹವೂ ಸೇರಿರುತ್ತದೆ. ಅದನ್ನೇ ನಂಬಿ ದೊಡ್ಡ ಪಂಪು ಕೊಂಡು ಸಾಲ ಮಾಡಿದವನ ಎಲೆಬಳ್ಳಿ ತೋಟ ಬೇಸಿಗೆಯಲ್ಲಿ ಒಣಗಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ರೈತ ಸಂಘವಾಗಲಿ ಸಹಕಾರಿ ಸಂಘವಾಗಲಿ ತನ್ನ ಸದಸ್ಯರ ಬಾವಿಗಳನ್ನೆಲ್ಲ ಒಂದೇ ಕ್ರಮದಲ್ಲಿ ಪರೀಕ್ಷಿಸುವುದು ಲೇಸು. ಏಪ್ರಿಲ್-ಮೇ ತಿಂಗಳು ಇದಕ್ಕೆ ತಕ್ಕ ಕಾಲ. ಹಿಂದಿನ ರಾತ್ರಿ ಪಂಪು ನಿಲ್ಲಿಸಿರಬೇಕು, ನೆರೆಯ ಬೋರುಗಳನ್ನೂ ನಿಲ್ಲಿಸಿಸಿರಬೇಕು. ಬೆಳಿಗ್ಗೆ ನಿಂತ ನೀರಿನ ಆಳವನ್ನು ಅಳೆದು ಬರೆದು, ಎಲ್ಲ ಬಾವಿಗಳಿಗೂ ಅಷ್ಟೇ ತಾಸು ಒಂದೇ ಸಮನೆ ನೀರೆತ್ತಬೇಕು. ಹೊರಬಂದ ನೀರು ಮರಳಿ ಬಾವಿಗೆ ಇಂಗದಂತೆ ದೂರ ಹಾಯಿಸಬೇಕು. ತಗಡು ಇಲ್ಲದಿದ್ದರೆ ಡ್ರಮ್ಮೇ ಸಾಕು: 200 ಲೀಟರಿನ ಡ್ರಮ್ಮು 100 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರು.

ನೀರಿನ ಪ್ರಮಾಣಕ್ಕಿಂತ ಮಟ್ಟ ಎಷ್ಟು ಇಳಿಯಿತೆಂಬುದೇ ಮುಖ್ಯ. ಎರಡು ಬಾವಿಗಳೂ ಸೆಕೆಂಡಿಗೆ 2 ಲೀಟರು ಕೊಟ್ಟು, ಒಂದರಲ್ಲಿ ಮಟ್ಟ 6 ಮೀಟರ್, ಇನ್ನೊಂದರಲ್ಲಿ 30 ಮೀಟರ್ ಇಳಿದರೆ ಅವು ಸಮವಲ್ಲ. ಎರಡನೆಯದು ಸೋತ ಎತ್ತು. ಪಂಪು ನಿಲ್ಲಿಸಿದ ಮೇಲೆ ಮಟ್ಟ ಮೊದಲಿನಷ್ಟಕ್ಕೆ ಏರಲು ಹಿಡಿಯುವ ಹೊತ್ತನ್ನೂ ದಾಖಲಿಸಬೇಕು. ಹಲವರು ಇದನ್ನೇ ಮರೆಯುತ್ತಾರೆ.

ಈ ಅಂಕಿಗಳಿಂದಲೇ ಬೆಳೆಯ ವಿಸ್ತೀರ್ಣ ಗೊತ್ತುಮಾಡಬಹುದು. ಒಂದು ಎಕರೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದರೆ ಸುಮಾರು 20,000 ಲೀಟರು. ನಿಜವಾಗಿ ಎರಡಿಂಚು ಕೊಡುವ ಬೋರು ಅದಕ್ಕೆ ಏಳು ತಾಸು ಓಡಬೇಕು.