ಪೆಟ್ರೋಲ್ ಎಲ್ಲೆ ಹಾಕತಿ?

ನನ್ನ ಮೊದಲ ಕಾರಿಗೆ ಪೆಟ್ರೋಲ್ ಹಾಕಲು ಜಾಗವೇ ಇರಲಿಲ್ಲ. ಅದನ್ನು ಕಂಡುಹಿಡಿದವರು ಹುಬ್ಬಳ್ಳಿಯ ನಮ್ಮ ಸೋದರಮಾವ. ನಲವತ್ತು ವರ್ಷ ಗ್ಯಾರೇಜು ನಡೆಸಿದವರು, ಮೊಣಕಾಲು ತೋರಿಸಲೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದರು. ರಾತ್ರಿ ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದನ್ನು ಕಂಡು ಕುರ್ಚಿ ಎಳೆದುಕೊಂಡರು. ತೆರೆಯ ಮೇಲೆ ನನ್ನ ಹೆಮ್ಮೆಯ ಕೆಂಪು ಕಾರು ಮೆಲ್ಲಗೆ ತಿರುಗುತ್ತಿತ್ತು. ಅದು ಒಂದು ಸುತ್ತು ಮುಗಿಸುವ ತನಕ ಸುಮ್ಮನೆ ನೋಡಿ, "ಛಲೋ ಐತಿ. ಪೆಟ್ರೋಲ್ ಎಲ್ಲೆ ಹಾಕತಿ?" ಅಂದರು.

ಆಟದ ಹೆಸರು ಆಟೊಮೇಶನ್. ಕ್ಯಾಮ್‌ಶಾಫ್ಟ್ ಸಾಫ್ಟ್‌ವೇರ್ ಎಂಬ ಸಣ್ಣ ತಂಡ ಮಾಡಿದ್ದು, 2015ರಿಂದ ಸ್ಟೀಮ್‌ನಲ್ಲಿ ಸಿಗುತ್ತಿದೆ. ಇದರಲ್ಲಿ ಕಾರು ಓಡಿಸುವುದಿಲ್ಲ, ಕಟ್ಟುವುದು. 1946ರಿಂದ ಈಚಿನ ಯಾವುದಾದರೂ ವರ್ಷ ಆರಿಸಿಕೊಂಡು, ಆ ಕಾಲದ ಬಾಡಿಯನ್ನು ಹಿಡಿದೆಳೆದು ತಿದ್ದಿ, ದೀಪ, ಜಾಲರಿ, ಹಿಡಿಕೆಗಳನ್ನು ಒಂದೊಂದಾಗಿ ಅಂಟಿಸಬೇಕು. ಎಂಜಿನ್ನಿಗೆ ಸಿಲಿಂಡರಿನ ವ್ಯಾಸದಿಂದ ಕ್ಯಾಮ್‌ಶಾಫ್ಟಿನ ಏರಿಳಿತದವರೆಗೆ ಎಲ್ಲವನ್ನೂ ನಾವೇ ಗೊತ್ತುಮಾಡಬೇಕು. ಓಡಿಸುವ ಚಪಲವಿದ್ದರೆ ಬೀಮ್‌ಎನ್‌ಜಿ ಡ್ರೈವ್ ಎಂಬ ಇನ್ನೊಂದು ಆಟಕ್ಕೆ ಕಳಿಸಿಕೊಂಡು ಅಲ್ಲಿ ಗುದ್ದಿ ಪುಡಿ ಮಾಡಬಹುದು.

ಕೆಂಪು ಕಾರಿನ ವಿವರ ಹೇಳಲು ಈಗ ನಾಚಿಕೆ. ತುಂಗಾ ಮೋಟಾರ್ಸ್ ಎಂಬ ನನ್ನ ಕಲ್ಪನೆಯ ಕಂಪನಿ, ಊರು ಹರಿಹರ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು, ಕಬ್ಬಿಣ ಕೊರೆಯಲು ಬಲ್ಲವರಿದ್ದಾರು ಎಂಬ ಲೆಕ್ಕ. ಅಷ್ಟರವರೆಗೆ ಬುದ್ಧಿ ನೆಟ್ಟಗಿತ್ತು. ಆಮೇಲೆ 1968ನೇ ಇಸವಿ ಆರಿಸಿ, ಐದು ಲೀಟರಿನ ವಿ8 ಎಂಜಿನ್ ಕೂರಿಸಿ, ಬಾನೆಟ್ಟಿನ ಮೇಲೆ ಹನ್ನೊಂದು ಗಾಳಿಕಿಂಡಿ ಕೊರೆದಿದ್ದೆ. ಪೆಟ್ರೋಲ್ ಮುಚ್ಚಳವಷ್ಟೇ ಅಲ್ಲ, ವೈಪರೂ ಇರಲಿಲ್ಲ. ಹಿಂದೆ ನಂಬರ್ ಪ್ಲೇಟಿಗೆ ಜಾಗ ಬಿಟ್ಟಿರಲಿಲ್ಲ. "ಇದನ್ನ ಯಾರು ತಗೋತಾರ? ಮಹಾರಾಜರು?" ಎಂದು ಮಾವ ಕೇಳಿದರು. ಆಟದ ಅಂಕಿ-ಅಂಶಗಳೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದವು. ನಾನು ಅವುಗಳತ್ತ ಕಣ್ಣು ಹಾಯಿಸಿರಲಿಲ್ಲ.

ಮಾವ ಊರಿಗೆ ಹೋದ ಮೇಲೆ ಅದನ್ನು ಅಳಿಸಿ ಮತ್ತೆ ಶುರು ಮಾಡಿದೆ. ಕಾರು ಬದಿಗಿರಲಿ, 1968ರ ಭಾರತ ಹೇಗಿತ್ತು? ಲೈಸೆನ್ಸ್ ಕಾಲ. ರಸ್ತೆಯಲ್ಲಿ ಕಾಣುತ್ತಿದ್ದುದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಹೆಚ್ಚುಕಡಿಮೆ ಅಷ್ಟೇ. ಮೂರೂ ಹೊರಗಿನ ವಿನ್ಯಾಸಗಳು. ಬಾಡಿ ಒತ್ತುವ ಅಚ್ಚು ಹೊಸದಾಗಿ ಮಾಡಿಸುವುದೆಂದರೆ ವಿದೇಶಿ ವಿನಿಮಯ, ಅದಕ್ಕೆ ದೆಹಲಿಯ ಅಪ್ಪಣೆ. ಹೀಗಿರುವಾಗ ಹರಿಹರದ ಕಂಪನಿಗೆ 1968ರ ಬಾಡಿ ಎಲ್ಲಿಂದ ಬರಬೇಕು? ಯೂರೋಪಿನಲ್ಲಿ ಯಾರೋ ಬೇಡವೆಂದು ಬಿಟ್ಟ ಹಳೇ ಅಚ್ಚನ್ನು ಕೊಂಡು ತಂದಿರಬೇಕು. ಆಟದಲ್ಲಿ ಹತ್ತು ವರ್ಷ ಹಿಂದೆ ಸರಿದು 1958ರ ಒಂದು ಮೊದ್ದು ಬಾಡಿ ಆರಿಸಿದೆ. ಅಂದವೇನಿಲ್ಲ. ಆದರೆ ತೆರೆಯ ಮೇಲೆ ಅದು ತಿರುಗಿದಾಗ ಇದನ್ನು ಎಲ್ಲೋ, ಯಾವುದೋ ಡಾಕ್ಟರ ಮನೆ ಮುಂದೆ ನೋಡಿದ್ದೇನಲ್ಲ ಅನ್ನಿಸಿತು. ಮೂರು ವಾರ ಹೆಣಗಿ ಮಾಡಿದ ಕೆಂಪು ಕಾರಿನಲ್ಲಿ ಒಮ್ಮೆಯೂ ಹಾಗೆ ಅನ್ನಿಸಿರಲಿಲ್ಲ.

ಆಮೇಲೆ ಹೆರಾಲ್ಡಿನ ಹಿಂದೆ ಬಿದ್ದೆ. ಬ್ರಿಟನ್ನಿನಲ್ಲಿ ಅದು ಎರಡು ಬಾಗಿಲಿನ ಕಾರು. ಇಲ್ಲಿ ಹಿಂದಿನ ಸೀಟಿಗೆ ಅಜ್ಜಿ ಹತ್ತಬೇಕು, ಸಾಹುಕಾರ ಹತ್ತಬೇಕು. 60ರ ದಶಕದ ಕೊನೆಗೆ ಅದನ್ನು ಇಲ್ಲಿ ತಯಾರಿಸುತ್ತಿದ್ದ ಮದ್ರಾಸಿನ ಕಾರ್ಖಾನೆ ಅದಕ್ಕೇ ನಾಲ್ಕು ಬಾಗಿಲು ಕೂರಿಸಿತು. ಬೆಂಗಳೂರಿನಲ್ಲಿ ಕಾರು ಮಾಡುತ್ತಿದ್ದ ಸಿಪಾನಿಯವರದು ಇನ್ನೊಂದು ದಾರಿ. 80ರ ದಶಕದ ಅವರ ಡಾಲ್ಫಿನ್‌ಗೆ ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್, ಬಾಡಿ ಫೈಬರ್‌ಗ್ಲಾಸ್. ತಗಡು ಒತ್ತುವ ದುಬಾರಿ ಅಚ್ಚು ಬೇಡ, ಸಾದಾ ಅಚ್ಚಿನಲ್ಲಿ ಕೈಯಲ್ಲೇ ಪದರ ಹಾಕುತ್ತ ಹೋದರಾಯಿತು. ನಿಧಾನದ ಕೆಲಸ, ಆದರೆ ಮೊದಲೇ ಸುರಿಯಬೇಕಾದ ದುಡ್ಡು ಕಡಿಮೆ. ಆಟದಲ್ಲಿ ಬಾಡಿಗೆ ಫೈಬರ್‌ಗ್ಲಾಸ್ ಆರಿಸುವ ಅವಕಾಶವಿದೆ. ಅದು ಸ್ಪೋರ್ಟ್ಸ್ ಕಾರಿನ ಶೋಕಿ ಎಂದುಕೊಂಡಿದ್ದ ನನಗೆ ಬಡ ಕಂಪನಿಯ ಉಪಾಯವೂ ಆದೀತೆಂದು ಹೊಳೆದದ್ದು ಆಗ.

ಎಂಜಿನ್ನಿನ ಕತೆ ಇದಕ್ಕಿಂತ ಸ್ವಾರಸ್ಯದ್ದು. ನನ್ನ ಮೊದಲ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಬೋರ್ (ಸಿಲಿಂಡರಿನ ವ್ಯಾಸ) 75 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ನಿನ ಓಟ) 75 ಇಟ್ಟಿದ್ದೆ. ದುಂಡು ಅಂಕಿ, ನೋಡಲು ಚೆಂದ. ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನಿನ ಅಳತೆ ಹುಡುಕಿದರೆ ಬೋರ್ 73.025, ಸ್ಟ್ರೋಕ್ 88.9. ಇದೆಂಥ ಚಿಲ್ಲರೆ ಲೆಕ್ಕ! ಇಂಚಿಗೆ ತಿರುಗಿಸಿ ನೋಡಿದೆ: 2.875 ಮತ್ತು ಸರಿಯಾಗಿ 3.5. ಇಂಗ್ಲಿಷ್ ಸ್ಕೇಲು ಹಿಡಿದು ಗೆರೆ ಎಳೆದವನ ಕೈ ಅಲ್ಲಿ ಕಾಣುತ್ತದೆ. ವ್ಯಾಸ ಸಣ್ಣದು, ಓಟ ಉದ್ದ ಯಾಕೆ? ಬ್ರಿಟನ್ನಿನಲ್ಲಿ ಬಹುಕಾಲ ತೆರಿಗೆಯ ಲೆಕ್ಕ ಸಿಲಿಂಡರಿನ ವ್ಯಾಸದ ಮೇಲಿತ್ತು, ಸ್ಟ್ರೋಕನ್ನು ಕೇಳುವವರಿರಲಿಲ್ಲ. ಆ ತೆರಿಗೆ ಹೋದ ಮೇಲೂ ಕೈಗೆ ಹತ್ತಿದ ಅಭ್ಯಾಸ ಬೇಗ ಹೋಗಲಿಲ್ಲ. ಫಿಯಟ್ಟಿನ 1089 ಸಿಸಿ ಎಂಜಿನ್ 68 ಕ್ಕೆ 75, ಅಪ್ಪಟ ಮೆಟ್ರಿಕ್, ಇಟಲಿಯದು. ಅಳತೆಯಲ್ಲೇ ಜಾತಕವಿದೆ. ಫೋನಿನಲ್ಲಿ ಮಾವನಿಗೆ ಹೇಳಿದೆ. "ಅದಕ್ಕs ಅಂಬಾಸಿಡರ್ ಸ್ಪ್ಯಾನರ್ ಸೆಟ್ ಬ್ಯಾರೆ ಇಟ್ಟಿರ್ತಿದ್ವಿ" ಅಂದರು. ಇದೇನು ಮಹಾ ಶೋಧ ಎಂಬ ದನಿ.

ತುಂಗಾದ ಎಂಜಿನ್ನನ್ನೂ ಇಂಚಿನಲ್ಲೇ ಯೋಚಿಸಿದೆ. ಆಗಿನ ಪೆಟ್ರೋಲಿನ ಗುಣಮಟ್ಟ ನೆನೆದು ಕಂಪ್ರೆಷನ್ ಇಳಿಸಿದೆ, ಒಂದೇ ಕಾರ್ಬುರೇಟರ್ ಹಾಕಿದೆ. ಪರೀಕ್ಷೆಯ ಗ್ರಾಫಿನಲ್ಲಿ ಶಕ್ತಿಯ ಗೆರೆ ಮುದುಕರು ಮೆಟ್ಟಿಲು ಹತ್ತುವಂತೆ ಹತ್ತಿ ಅರ್ಧಕ್ಕೇ ಕೂತುಬಿಟ್ಟಿತು. ಪೆಟ್ಟು ತಿಂದದ್ದು ಬೇರೆ ಕಡೆ. ಆಟದಲ್ಲಿ ಮೊದಲು ಎಂಜಿನ್ನಿನ ಕುಟುಂಬವನ್ನು ಗೊತ್ತುಮಾಡಬೇಕು, ಆಮೇಲೆ ಅದರಿಂದ ಬೇರೆ ಬೇರೆ ಎಂಜಿನ್ ಹುಟ್ಟಿಸಬೇಕು. ಮರಿಗಳ ಬೋರ್, ಸ್ಟ್ರೋಕ್ ತಾಯಿಯದನ್ನು ಮೀರುವಂತಿಲ್ಲ. ಜಿಪುಣತನ ಮಾಡಿ ನಾನು ಬ್ಲಾಕನ್ನು ಬಿಗಿಯಾಗಿ ಕಟ್ಟಿದ್ದೆ. ಹತ್ತು ವರ್ಷದ ನಂತರದ ಭಾರವಾದ ಮಾದರಿಗೆ ದೊಡ್ಡ ಎಂಜಿನ್ ಬೇಕಾದಾಗ ದಾರಿ ಇರಲಿಲ್ಲ. ಹಿಂದಕ್ಕೆ ಹೋಗಿ ತಿದ್ದಬಹುದಿತ್ತು, ಕೇಳುವವರು ಯಾರು? ಆದರೆ ನಿಜದ ಕಂಪನಿಗೆ ಆ ಸೌಲಭ್ಯವಿಲ್ಲವಲ್ಲ. ಹಳೇ ಎಂಜಿನ್ನನ್ನೇ ಆ ಭಾರದ ಗಾಡಿಗೆ ಕಟ್ಟಿ ಬೀಮ್‌ಎನ್‌ಜಿಯ ಒಂದು ಘಾಟಿಗೆ ಬಿಟ್ಟೆ. ಮೇಲಕ್ಕೆ ಹೋಗುತ್ತ ಎರಡನೇ ಗೇರಿನಲ್ಲಿ ಅದು ಕೂಗಿದ ಕೂಗು, ಚಿಕ್ಕಂದಿನ ಬಾಡಿಗೆ ಟ್ಯಾಕ್ಸಿಯದೇ.

ಹೊರಗಿನ ವಿವರಗಳಲ್ಲಿ ಸೇರಿಸಿದ್ದಕ್ಕಿಂತ ಕಿತ್ತದ್ದು ಹೆಚ್ಚು. ಎಡಗಡೆಯ ಕನ್ನಡಿ ಕಿತ್ತೆ, ಕಾರು ತಟ್ಟನೆ ಹಳೆಯದಾಯಿತು. ಕ್ರೋಮ್ ಪಟ್ಟಿ ಕಿತ್ತು ಕಡಿಮೆ ಬೆಲೆಯ ಮಾದರಿ ಮಾಡಿದೆ. ಚಕ್ರದ ಗಾತ್ರ ಇಳಿಸಿದೆ, ವೈಪರನ್ನು ಬಲಗಡೆ ಕೂರುವ ಚಾಲಕನಿಗೆ ಸರಿಯಾಗಿ ತಿರುಗಿಸಿದೆ.

ಈ ನಡುವೆ ಇನ್ನೊಂದು ಕಂಪನಿಗೆ ಈಚಿನ ಸೆಡಾನ್ ಒಂದನ್ನು ಮಾಡಿದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. 4160 ಮಿಲಿಮೀಟರ್ ಇದ್ದ ಡಿಜೈರ್ 2012ರಲ್ಲಿ 3995 ಆದದ್ದು ಇದೇ ಲೆಕ್ಕಕ್ಕೆ. ಆಟಕ್ಕೆ ನಮ್ಮ ಸುಂಕ ಗೊತ್ತಿಲ್ಲ, ಗೆರೆ ನಾನೇ ಎಳೆದುಕೊಂಡೆ. ಡಿಕ್ಕಿಯನ್ನು ಮೊಂಡು ಮಾಡುತ್ತ ಹೋದಂತೆ ಕಾರು ಕೊಳಕಾಯಿತು. ಕೊಳಕಾದಷ್ಟೂ ನಮ್ಮ ಬೀದಿಯದಾಯಿತು.

ತುಂಗಾಕ್ಕೆ ಕೊನೆಯ ಮಾದರಿ 1982ರದು. 1983ರ ಡಿಸೆಂಬರ್ 14ಕ್ಕೆ ಮಾರುತಿ 800 ಬರುತ್ತದೆಂದು ಗೊತ್ತಿರುವವನಿಗೆ ಅದರ ಮುಂದಿನ ಹಣೆಬರಹ ಬೇರೆ ಹೇಳಬೇಕಿಲ್ಲ. ಹೊಸ ಬಾಡಿಗೆ ಕಂಪನಿಯ ಹತ್ತಿರ ದುಡ್ಡಿಲ್ಲ. ದೀಪ ಚೌಕಾಕಾರವಾಯಿತು, ಕಪ್ಪು ಪ್ಲಾಸ್ಟಿಕ್ ಜಾಲರಿ ಬಂತು, ಬಂಪರ್ ಬದಲಾಯಿತು. ಬಾಗಿಲಿಗೆ ಕೈ ಹಚ್ಚಲಿಲ್ಲ. ಬಾಗಿಲು ಬದಲಾದರೆ ಅಚ್ಚು, ಗಾಜು, ಕೀಲು, ಬೀಗ, ಎಲ್ಲಕ್ಕೂ ದುಡ್ಡು. ಅಂಬಾಸಿಡರ್ ಕೂಡ ಹೊಸ ಮಾರ್ಕ್ ಬಂದಾಗೆಲ್ಲ ಬದಲಿಸಿಕೊಂಡದ್ದು ಹೆಚ್ಚಾಗಿ ಮೂತಿಯನ್ನೇ.

ಯುಗಾದಿಗೆ ಹುಬ್ಬಳ್ಳಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ದೆ. ಮಾವ ಕನ್ನಡಕ ಏರಿಸಿಕೊಂಡು ಮೊದಲು ಹೊಸದಾಗಿ ಕಟ್ಟಿದ 68ರ ತುಂಗಾವನ್ನು, ಮತ್ತೆ 82ರದನ್ನು ಒಂದೊಂದು ಸುತ್ತು ನೋಡಿದರು. ಪೆಟ್ರೋಲ್ ಮುಚ್ಚಳ ಕಂಡಾಗ ತಲೆಯಾಡಿಸಿದರು, ಏನೂ ಅನ್ನಲಿಲ್ಲ. ಆಮೇಲೆ ತೆರೆಯ ಹತ್ತಿರ ಬಗ್ಗಿ ಹಿಂದಿನ ಬಾಗಿಲಿನ ಮೇಲೆ ಬೆರಳಿಟ್ಟರು.

"ಇದು ಆ 68ರ ಗಾಡಿದ ಬಾಗಿಲಲ್ಲೇನು?"