ಗಾರ್ಡ್ ಬಿಚ್ಚಿದ್ದು ಯಾರು?

1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎಷ್ಟೋ ವರ್ಷಗಳಾದವು. ಅದರ ಲೇತ್‌ಗಳು ಮಾತ್ರ ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಹಳೇ ಲೇತಿಗೆ ಚಕ್ ಗಾರ್ಡ್ ಇರುವುದೇ ಅಪರೂಪ. ಪವರ್ ಪ್ರೆಸ್‌ನಲ್ಲಿ ರಕ್ಷಣೆ ಇದ್ದರೂ ಉಳಿಯುವುದಿಲ್ಲ. ಎರಡು ಬಟನ್‌ಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಪ್ರೆಸ್ ಇಳಿಯಬೇಕು, ಆಗ ಕೈ ಡೈ ಒಳಗೆ ಇರಲಾರದು. ಪೀಸ್ ಲೆಕ್ಕದ ಕೂಲಿ ಬಂತೆಂದರೆ ಒಂದು ಬಟನ್‌ಗೆ ಟೇಪ್ ಬೀಳುತ್ತದೆ. ಬಿಡುವಾದ ಕೈಯೇ ಡೈಗೆ ಸಿಗುವುದು.

‘ಗ್ಲೌಸ್ ಕೊಟ್ಟಿದ್ದೀವಲ್ಲ’ ಎಂಬ ಸಮಾಧಾನ ಬೇಡ. ತಿರುಗುವ ಲೇತ್, ಡ್ರಿಲ್ ಮುಂದೆ ಗ್ಲೌಸೇ ಕೈಯನ್ನು ಒಳಗೆಳೆಯುತ್ತದೆ.

ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಬೇಕು, ಯಂತ್ರ ಓಡುವಷ್ಟು ಹೊತ್ತೂ ಅದು ಜಾಗದಲ್ಲೇ ಇರಬೇಕು ಎನ್ನುತ್ತಿತ್ತು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದೆ. ಗಂಭೀರ ಗಾಯದ ಭಯವಿದ್ದರೆ ಕಾರ್ಮಿಕರು ಮಾಲೀಕರಿಗೆ ಹೇಳಿ, ಜೊತೆಗೇ ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು ಎನ್ನುತ್ತದೆ ಅದರ 14ನೇ ಕಲಂ. ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ದಿನಾಂಕ ಹಾಕಿದ ಅರ್ಜಿ, ವಾಟ್ಸಾಪ್ ಮೆಸೇಜ್, ಗಾರ್ಡ್ ಇಲ್ಲದ ಯಂತ್ರದ ಫೋಟೊ ಇಟ್ಟುಕೊಳ್ಳಿ.

ಏಕೆಂದರೆ ಬೆರಳು ಹೋದ ಮೇಲೆ ಬರುವ ಮೊದಲ ವಾದವೇ ‘ಗಾರ್ಡ್ ಬಿಚ್ಚಿದ್ದು ಅವನೇ’ ಎಂಬುದು. ಸುರಕ್ಷಾ ಸಾಧನವೆಂದು ಗೊತ್ತಿದ್ದೂ ಕಾರ್ಮಿಕ ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಈ ವಿನಾಯಿತಿ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಸೂಪರ್‌ವೈಸರ್ ಹೇಳಿ ತೆಗೆಸಿದ್ದರೆ ಮಾತು ಬೇರೆ; ಅದನ್ನು ತೋರಿಸಲು ಆ ಮೆಸೇಜ್ ಬೇಕು.

ಹಣದ ಲೆಕ್ಕ ಹೀಗೆ: ವಯಸ್ಸು 30, ಸಂಬಳ 15,000 ರೂ. ಸಂಬಳದ ಶೇ. 60ನ್ನು ಆ ವಯಸ್ಸಿನ ಅಂಕ 207.98ರಿಂದ ಗುಣಿಸಿದರೆ 18,71,820. ಹೆಬ್ಬೆರಳಿಗೆ ಅದರ ಶೇ. 30, ಅಂದರೆ 5,61,546 ರೂ. ಇಪ್ಪತ್ತು ಸಾವಿರ ಕೈಗಿಟ್ಟು ‘ಇನ್ನೇನೂ ಬೇಡ’ ಎಂದು ಬರೆಸಿಕೊಂಡ ಕಾಗದಕ್ಕೆ ಕಾನೂನಿನ ಬೆಲೆಯಿಲ್ಲ. ಪರಿಹಾರದ ಅರ್ಜಿಗೆ ಎರಡು ವರ್ಷ ಅವಕಾಶವಿದೆ.

ಇಎಸ್‌ಐ ಇದ್ದವರಿಗೆ ದಾರಿ ಬೇರೆ. ಮಾಲೀಕರಿಂದಲ್ಲ, ಇಎಸ್‌ಐ ನಿಗಮದಿಂದ ಚಿಕಿತ್ಸೆ, ವಾಸಿಯಾಗುವವರೆಗೆ ಸಂಬಳದ ಸುಮಾರು ಶೇ. 90, ಶಾಶ್ವತ ಹಾನಿಯಿದ್ದರೆ ಮಾಸಿಕ ಮೊತ್ತ. ಹತ್ತು ಜನರೂ ಇಲ್ಲದ ಮಂಡಕ್ಕಿ ಭಟ್ಟಿಯಲ್ಲಿ ಮೋಟರ್ ಬೆಲ್ಟಿಗೆ ಬೆರಳು ಸಿಕ್ಕವರಿಗೆ ಇಎಸ್‌ಐ ಸಿಗದೇ ಹೋದೀತು, ಪರಿಹಾರದ ಹಕ್ಕು ಹೋಗದು.

ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದು ಗಾಯ’ ಎಂದು ಬರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲಸದ ವೇಳೆ, ಇಂಥ ಯಂತ್ರದಿಂದ ಎಂದೇ ಬರೆಸಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ: ದಾವಣಗೆರೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.