ಇಂದಿನ ಧಮ್ಮ ಚಿಂತನೆ: ಬುಟ್ಟಿಯೊಳಗಿನ ಏಡಿ




ಬುಟ್ಟಿಯ ಏಡಿಗಳ ಕಥೆ ನಮಗೆಲ್ಲ ಗೊತ್ತು. ಒಂದು ಮೇಲೇರಿದರೆ ಇನ್ನೊಂದು ಕಾಲೆಳೆಯುತ್ತದೆ, ನಮ್ಮ ಜನರೂ ಹಾಗೇ ಎಂದು ಭಾಷಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಕಥೆ ಏಡಿಯನ್ನು ದೂರುತ್ತದೆ; ಬುಟ್ಟಿಗೆ ತುಂಬಿದ ಕೈಯನ್ನು ಕೇಳುವುದಿಲ್ಲ. ಇಂದು ಆ ಕೈಯ ಬಗ್ಗೆ ಯೋಚಿಸೋಣ.

ಕುಂದಾಪುರ, ಕಾರವಾರದ ಅಳಿವೆಗಳ ಕೆಸರಿನಲ್ಲಿ ಹಿಡಿದ ಏಡಿ ಜೀವಂತವಾಗಿಯೇ ಪೇಟೆ ಸೇರಬೇಕು. ಸತ್ತ ಏಡಿಯ ಮಾಂಸ ಬೇಗ ಕೆಡುತ್ತದೆ, ಬೆಲೆ ಸಿಗುವುದಿಲ್ಲ. ದಾರಿಯಲ್ಲಿ ಸತ್ತರೆ ಒಂದು ಜೀವ ಹೋಯಿತು, ಹಿಡಿದವರ ದುಡಿಮೆಯೂ ಹೋಯಿತು.

*ಸಾಯುವುದೇಕೆ?*
ಏಡಿ ಉಸಿರಾಡುವುದು ಕಿವಿರಿನಿಂದ. ಕಿವಿರು ಒದ್ದೆಯಾಗಿದ್ದರೆ ನೀರಿನ ಹೊರಗೂ ಕೆಲವು ದಿನ ಬದುಕುತ್ತದೆ. ಬಿಸಿಲು, ಗಾಳಿಗೆ ಒಣಗಿದರೆ ಉಸಿರು ಕಟ್ಟುತ್ತದೆ. ಹಾಗೆಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಮುಚ್ಚಿಟ್ಟರೆ ನೀರಿನ ಆಮ್ಲಜನಕ ತೀರಿ ಸಾಯುತ್ತದೆ. ನೇರವಾಗಿ ಮಂಜುಗಡ್ಡೆಯ ಮೇಲಿಟ್ಟರೂ ತಡೆಯದು.

*ಏನು ಮಾಡಬೇಕು?*
▪️ ಹಿಡಿದ ಕೂಡಲೇ ನೆರಳಿಗೆ ತರಬೇಕು. ಇಕ್ಕಳದಂಥ ಮುಂಗಾಲುಗಳನ್ನು ದಾರದಿಂದ ಮೈಗೆ ಸೇರಿಸಿ ಕಟ್ಟಬೇಕು, ಮುರಿಯಬಾರದು.
▪️ ಗಾಳಿಯಾಡುವ ಬುಟ್ಟಿ, ಮೇಲೆ ಅಳಿವೆಯ ನೀರಿನಲ್ಲಿ ನೆನೆಸಿದ ಗೋಣಿಚೀಲ. ಹೊಟ್ಟೆ ಕೆಳಗಾಗಿ ಜೋಡಿಸಬೇಕು, ಒತ್ತಿ ತುರುಕಬಾರದು.
▪️ ಆಗಷ್ಟೇ ಚಿಪ್ಪು ಕಳಚಿ ಮೈ ಮೆತ್ತಗಾದ ಏಡಿ, ಗಾಯಗೊಂಡ ಏಡಿ ದೂರದ ಪ್ರಯಾಣಕ್ಕೆ ಬೇಡ.
▪️ ಸಾಧ್ಯವಿದ್ದಲ್ಲಿ ಸುಮಾರು 16ರಿಂದ 20 ಡಿಗ್ರಿ ತಂಪು. ಇಲ್ಲದಿದ್ದರೆ ರಾತ್ರಿಯ ಪ್ರಯಾಣ.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯರನ್ನು ಬಿಟ್ಟು ಎಲ್ಲ ಜೀವಿಗಳೂ ‘ಪ್ರಾಣಿ’ಗಳೇ, ಅನಗತ್ಯ ನೋವಾಗುವಂತೆ ಸಾಗಿಸುವುದು ಅಪರಾಧ. ಏಡಿಗೂ ನೋವು ತಿಳಿಯುತ್ತದೆ ಎಂದು ಬ್ರಿಟನ್ 2022ರ ಕಾನೂನಿನಲ್ಲಿ ಒಪ್ಪಿಕೊಂಡಿತು.

“ಕೊನೆಗೆ ಬೇಯಿಸುವುದೇ ಆದರೆ ದಾರಿಯಲ್ಲಿ ಈ ಉಪಚಾರ ಯಾಕೆ ಮೇಷ್ಟ್ರೇ?” ಎಂದು ಉಪಾಸಕರೊಬ್ಬರು ಕೇಳಿದ್ದರು. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿಂಗಡಿಸುತ್ತಾರೆ. ಏಡಿ ಹಿಡಿದು ಒಲೆ ಹೊತ್ತಿಸುವ ಮನೆಯ ಅಗತ್ಯ ನಮಗೆ ಅರ್ಥವಾಗುತ್ತದೆ. ಆದರೆ ಬಿಸಿಲಲ್ಲಿ ಒಣಗಿಸಿ ಸಾಯಿಸುವ ಅಗತ್ಯ ಯಾರಿಗಿದೆ? ಅದು ಬರೀ ಅಲಕ್ಷ್ಯ.

ಜೀವಿಗಳ ವ್ಯಾಪಾರ ಉಪಾಸಕರಿಗೆ ತಕ್ಕುದಲ್ಲ ಎಂದು ಬುದ್ಧರು ಹೇಳಿದ್ದನ್ನೂ ಮುಚ್ಚಿಡುವುದು ಬೇಡ. ಬೇರೆ ದುಡಿಮೆ ಸಿಕ್ಕವರು ಬಿಡಲಿ. ಸಿಗದವರು ಇಂದಿನಿಂದಲೇ ಗೋಣಿಚೀಲ ನೆನೆಸಬಹುದು. ನಮ್ಮ ತಟ್ಟೆ ನೋಡಿ ನಮ್ಮನ್ನು ಅಳೆದವರ ಹಾಗೆ ನಾವು ಇನ್ನೊಬ್ಬರ ತಟ್ಟೆಯನ್ನು ಅಳೆಯಬೇಕಿಲ್ಲ. ತಟ್ಟೆಗೆ ಬರುವ ಮುಂಚಿನ ದಾರಿಯಲ್ಲೂ ಕರುಣೆ ಇರಲಿ.

*ಇಂದಿನ ಅಭ್ಯಾಸ:* ಮೀನುಪೇಟೆಯಲ್ಲಿ ಏಡಿ ಬಿಸಿಲಿಗೆ ಬಿದ್ದಿದ್ದರೆ, ಒಂದು ಒದ್ದೆ ಚೀಲ ಹೊದಿಸಿ ಎಂದು ಮಾರುವವರಿಗೆ ವಿನಯದಿಂದ ಹೇಳಿ. ಅವರ ತಲೆಯ ಮೇಲೂ ನೆರಳಿದೆಯೇ ಎಂದು ನೋಡಿ.

ಭವತು ಸಬ್ಬ ಮಂಗಲಂ